ಹೆಲಿಕಾಪ್ಟರ್ ಸೊಸೆ ನೆಲ ಬಿಡದ ಬೆಳಿಗ್ಗೆ

ನನ್ನ ಸೊಸೆಗೆ ನಮ್ಮ ಬೀದಿಯವರು ಇಟ್ಟ ಹೆಸರು ಹೆಲಿಕಾಪ್ಟರ್ ಸೊಸೆ. ಬೆಟ್ಟದ ತುದಿಯಲ್ಲೋ ದ್ವೀಪದಲ್ಲೋ ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ, ರಸ್ತೆ ಹಿಡಿದು ಹೋಗುವಷ್ಟು ಹೊತ್ತಿಲ್ಲದಿದ್ದರೆ, ಹೆಲಿಕಾಪ್ಟರಿನಲ್ಲಿ ಹೋಗಿ ಅವರನ್ನು ದೊಡ್ಡಾಸ್ಪತ್ರೆಗೆ ತರುವ ನರ್ಸು ಅವಳು. ಹಾರಿಸುವವರು ಬೇರೆ, ಇವಳು ಹಿಂದೆ ರೋಗಿಯ ಪಕ್ಕ ಕೂರುವವಳು ಎಂದು ನಾನು ಹೇಳದ ದಿನವಿಲ್ಲ. ಆದರೂ ಮೂಲೆಮನೆಯ ಲಾಂಡ್ರಿಯವಳು ಇವತ್ತಿಗೂ, "ನಿಮ್ಮ ಸೊಸೆಗೆ ನಮ್ಮ ತಾರಸಿ ಮೇಲೆ ಸ್ವಲ್ಪ ನಿಧಾನಕ್ಕೆ ಬಿಡೋಕೆ ಹೇಳಿ, ಒಣಗೋಕೆ ಹಾಕಿದ ಶರ್ಟೆಲ್ಲ ಹಾರಿಹೋಗುತ್ತೆ" ಎನ್ನುತ್ತಾಳೆ.

ಮಗನದು ಡ್ರೈವಿಂಗ್ ಸ್ಕೂಲು. ಬಲ್ಬು ಬದಲಿಸಲು ಕುರ್ಚಿ ಹತ್ತಿದರೂ ಅವನಿಗೆ ತಲೆ ಸುತ್ತುತ್ತದೆ. ಕೆಳಗೆ ನಿಂತು ಬಲ್ಬು ಕೈಗೆ ಕೊಡುವವನು ಅವನು, ಮೇಲೆ ಹತ್ತಿ ತಿರುಗಿಸುವವಳು ಅವಳು. ಅವಳು ಅವನ ಬಳಿ ಕಾರು ಕಲಿಯಲು ಬಂದವಳು. ಕಲಿತದ್ದು ಅಷ್ಟಕ್ಕಷ್ಟೇ, ಮದುವೆ ಮಾತ್ರ ಆಯಿತು. ಈಗಲೂ ಕಾರು ಹಿಂದಕ್ಕೆ ತೆಗೆಯುವಾಗ ಗೇಟಿಗೆ ಒಂದು ಮುತ್ತು ಕೊಡದೆ ಹೊರಗೆ ಹೋಗುವುದಿಲ್ಲ.

ಮದುವೆಯ ಹೊತ್ತಿಗೆ ಅವಳು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿದ್ದಳು. ಕೆಲವು ವರ್ಷವಾದ ಮೇಲೆ ಹೆಲಿಕಾಪ್ಟರಿಗೆ ನರ್ಸುಗಳು ಬೇಕು ಎಂದರಂತೆ, ಇವಳು ಕೈಯೆತ್ತಿದಳಂತೆ. ತರಬೇತಿಯಲ್ಲಿ ಕುರ್ಚಿಗೆ ಕಟ್ಟಿ, ನೀರಿನ ತೊಟ್ಟಿಯಲ್ಲಿ ತಲೆಕೆಳಗು ಮಾಡಿ, ಬೆಲ್ಟು ಬಿಚ್ಚಿಕೊಂಡು ಹೊರಗೆ ಬಾ ಎಂದರು. ಮನೆಗೆ ಬಂದವಳು ಕಿವಿಯಿಂದ ನೀರು ಕುಟ್ಟಿ ಕುಟ್ಟಿ ಇಳಿಸುತ್ತಾ, "ಅತ್ತೆ, ಪಾಸಾದೆ" ಎಂದು ಅಡುಗೆಮನೆ ತುಂಬ ಕುಣಿದಳು. ಮಗ ಆ ತೊಟ್ಟಿಯ ಕತೆ ಕೇಳಿಯೇ ಹೋಗಿ ಮಲಗಿಬಿಟ್ಟ.

ಆ ಕೆಲಸದಲ್ಲಿ ಎಲ್ಲರನ್ನೂ ತೂಕ ಹಾಕುತ್ತಾರೆ. ಭಾರ ಹೆಚ್ಚಾದರೆ ಎಣ್ಣೆ ಕಡಿಮೆ, ಎಣ್ಣೆ ಕಡಿಮೆಯಾದರೆ ಹಾರುವ ದೂರವೂ ಕಡಿಮೆ. ನಾನು ತಟ್ಟೆಗೆ ಇನ್ನೊಂದು ಸೌಟು ಹಾಕಲು ಹೋದರೆ ಅವಳು ಅಂಗೈ ಅಡ್ಡ ಹಿಡಿಯುತ್ತಾಳೆ: "ಬೇಡ ಅತ್ತೆ, ನಾನು ದಪ್ಪ ಆದ್ರೆ ಉದ್ದಣ್ಣನ್ನ ಅರ್ಧ ಕತ್ತರಿಸಿ ಬಿಟ್ಟುಹೋಗ್ಬೇಕಾಗುತ್ತೆ." ಉದ್ದಣ್ಣ ಎಂದರೆ ಅವಳ ಜೊತೆಗೆ ಹಿಂದೆ ಕೂರುವ ಸಹಾಯಕ. ನೀಟಾಗಿ ಮಡಚಿಟ್ಟರೆ ಮಾತ್ರ ಹೆಲಿಕಾಪ್ಟರಿನೊಳಗೆ ಹಿಡಿಸುವ ಮನುಷ್ಯ.

ಒಳಗೆ ಸದ್ದೋ ಸದ್ದು. ಪಕ್ಕದವರ ಮಾತು ಕೇಳಿಸಬೇಕಾದರೆ ತಲೆಗೆ ಯಂತ್ರ ಹಾಕಿಕೊಳ್ಳಬೇಕು. ಎದೆಗೆ ಇಟ್ಟು ಕೇಳುವ ಕೊಳವೆ ಅಲ್ಲಿ ಕೊರಳಿಗೆ ಹಾಕಿಕೊಂಡ ಸರವಿದ್ದಂತೆ, ಅಲಂಕಾರಕ್ಕಷ್ಟೇ. ಹಾಗಾಗಿ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ತಿಳಿಯಬೇಕು. ಅದೇ ಅಭ್ಯಾಸ ಮನೆಗೂ ಬಂತು. ನನಗೆ ಶೀತವಾದರೆ ಏನಾಯಿತು ಎಂದು ಕೇಳುವುದಿಲ್ಲ. ದೂರದಲ್ಲಿ ನಿಂತು ನನ್ನ ಮೂಗಿನ ಹೊಳ್ಳೆ, ಕುತ್ತಿಗೆ, ಉಗುರು ನೋಡಿ, ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ, "ಏನಿಲ್ಲ, ಬಿಸಿನೀರು ಕುಡೀರಿ!"

ಅವರದೊಂದು ಕಟ್ಟುನಿಟ್ಟಿನ ನಿಯಮವಿದೆ. ಪೈಲಟ್, ನರ್ಸು, ಸಹಾಯಕ, ಮೂವರೂ ಹೂಂ ಎಂದರೆ ಮಾತ್ರ ಹೆಲಿಕಾಪ್ಟರು ನೆಲ ಬಿಡುತ್ತದೆ. ಒಬ್ಬರು ಊಹೂಂ ಎಂದರೂ ಮುಗಿಯಿತು, ಯಾಕೆ ಎಂದು ಉಳಿದವರು ಒತ್ತಾಯಿಸುವ ಹಾಗಿಲ್ಲ. ಇನ್ನೊಂದು ವಿಷಯ ನನಗೆ ಬಹಳ ವಿಚಿತ್ರವಾಗಿ ಕಂಡಿತ್ತು. ರೋಗಿ ಯಾರು, ಎಷ್ಟು ವಯಸ್ಸು, ಏನಾಗಿದೆ ಎಂಬುದನ್ನು ಪೈಲಟ್‌ಗೆ ಹೇಳುವುದೇ ಇಲ್ಲ. ಹಸುಗೂಸು ಎಂದು ಗೊತ್ತಾದರೆ ಯಾವ ಮನುಷ್ಯನ ಕರುಳೂ ಚುರುಕ್ ಎನ್ನುತ್ತದೆ. ಮಂಜಾಗಲಿ ಗಾಳಿಯಾಗಲಿ ಹೋಗಿಯೇ ಬಿಡೋಣ ಎನಿಸುತ್ತದೆ. ಹಾಗೆ ಹೋದವರು ಕೆಲವರು ಮರಳಿಲ್ಲವಂತೆ. ಆದ್ದರಿಂದ ಅವರು ಆಕಾಶ ಮಾತ್ರ ನೋಡಬೇಕು, ಇವಳು ರೋಗಿಯನ್ನು ಮಾತ್ರ ನೋಡಬೇಕು.

ಮೂವರು ಹೂಂ ಎನ್ನುವ ನಿಯಮ ನನಗೆ ಎಷ್ಟು ಹಿಡಿಸಿತೆಂದರೆ ಅದನ್ನು ಮನೆಯಲ್ಲೂ ಜಾರಿಗೆ ತಂದೆ. ಮಗನ ಹಳೆಯ ಗೆಳೆಯನೊಬ್ಬ ಊಟಕ್ಕೆ ಕರೆದು ತನ್ನ ಪ್ರವಾಸದ ಫೋಟೊಗಳನ್ನೆಲ್ಲ ತೋರಿಸುವವನು. ಅವನ ಕರೆ ಬಂದಾಗ ನಾನು ಊಹೂಂ ಎಂದು ಹೆಬ್ಬೆಟ್ಟು ಕೆಳಗೆ ಮಾಡಿದರೆ ಸಾಕು, ಹೊರಡುವಂತಿಲ್ಲ. "ಅಮ್ಮ, ಇದು ಎಮರ್ಜೆನ್ಸಿಗೆ ಮಾತ್ರ" ಎಂದು ಮಗ ಗೊಣಗಿದರೆ, "ಅವನ ಫೋಟೊ ನೋಡೋದು ಎಮರ್ಜೆನ್ಸಿ ಅಲ್ದೆ ಇನ್ನೇನೋ" ಎನ್ನುತ್ತಿದ್ದೆ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ನನ್ನ ಸೊಸೆ ಎಂಥವಳು ಎಂದು ಹೇಳಲು ಆ ಒಂದು ದಿನ ಸಾಕು.

ತಂಗಿ ಇರುವುದು ದ್ವೀಪದಲ್ಲಿ. ಬಂದರಿನ ಬೀದಿಯಲ್ಲಿ ಅವಳದೂ ಅವಳ ಗಂಡನದೂ ಒಂದೇ ಅಂಗಡಿ. ಒಂದು ಪಕ್ಕದಲ್ಲಿ ಅವಳು ಪರದೆ, ಗೌಸು ಹೊಲಿಯುತ್ತಾಳೆ. ಇನ್ನೊಂದು ಪಕ್ಕದಲ್ಲಿ ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಾನೆ. ಅವನು ದಿನಕ್ಕೆ ಆಡುವ ಮಾತನ್ನು ಅವಳು ಹಲ್ಲುಜ್ಜುವ ಹೊತ್ತಿಗೆ ಆಡಿ ಮುಗಿಸಿರುತ್ತಾಳೆ. ಮಾತು ಶುರುಮಾಡಿದರೆ ನಡುವೆ ಎಲ್ಲೂ ನಿಲ್ಲುವುದಿಲ್ಲ. ದಾರದ ದರ, ಎದುರಂಗಡಿಯವನ ಸೋಮಾರಿತನ, ನನ್ನ ಮೊಣಕಾಲು ನೋವು, ಎಲ್ಲ ಒಂದೇ ಉಸಿರಿನಲ್ಲಿ. ನನ್ನ ಯಜಮಾನರು ಇದ್ದಾಗ, "ನಿನ್ನ ತಂಗಿ ಉಸಿರನ್ನ ಕಿವಿಯಿಂದ ಎಳ್ಕೋತಾಳೋ ಏನೋ, ಬಾಯಿಗಂತೂ ಪುರುಸೊತ್ತಿಲ್ಲ" ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಅವಳು ಯಾರದೋ ಪರದೆಯನ್ನು ತೂಗುಹಾಕಿ ನೆರಿಗೆ ಸರಿಯಾಗಿ ಬೀಳುತ್ತದೆಯೇ ನೋಡಲು ಸ್ಟೂಲು ಹತ್ತಿದಳು. ಸ್ಟೂಲು ಜಾರಿತು. ಹೊಲಿಗೆ ಮಿಷನ್ನಿನ ಮೇಜಿನ ಅಂಚಿಗೆ ಪಕ್ಕೆ ಬಡಿದು ಕೆಳಗೆ ಬಿದ್ದಳು. ಎದ್ದು ಕುಳಿತು ಸ್ಟೂಲಿಗೆ ಬೈದಳು, ಸ್ಟೂಲು ಮಾಡಿದ ಬಡಗಿಗೆ ಬೈದಳು, ಅವನಿಗೆ ಕೆಲಸ ಕಲಿಸಿದವನಿಗೂ ಬೈದಳು. ಬೈಗುಳ ಕೇಳಿ ನಮಗೆ ಧೈರ್ಯ ಬಂತು. ನಾನು ಚಹಾ ಮಾಡಿಕೊಟ್ಟೆ. ಅವಳು ಅರ್ಧ ಕುಡಿದು ಲೋಟ ಕೆಳಗಿಟ್ಟಳು. "ಅಕ್ಕ, ಚುಚ್ತಿದೆ" ಎಂದು ಪಕ್ಕೆ ಹಿಡಿದುಕೊಂಡಳು.

ಬೀದಿಯ ಕೊನೆಗೆ ಆರೋಗ್ಯ ಕೇಂದ್ರ, ಅದರ ಎದುರಿಗೆ ಶಾಲೆಯ ಆಟದ ಮೈದಾನ. ಗಡಿಯಾರದವನೂ ನಾನೂ ಅವಳನ್ನು ನಡುವೆ ಹಿಡಿದುಕೊಂಡು ಅಲ್ಲಿಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದವರು. ಪಕ್ಕೆಲುಬು ಮುರಿದಿದೆ ಎಂದರು. ನೋವಿಗೆ ಸೂಜಿಮದ್ದು ಕೊಟ್ಟು, ಮೂಗುಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದರು. ಒಳಗೆ ಶ್ವಾಸಕೋಶಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ. ಎಕ್ಸ್‌ರೇ ತೆಗೆಯಬೇಕಾದರೆ ನೀರು ದಾಟಿ ಹೋಗಬೇಕು. ಅವತ್ತು ಬೆಳಿಗ್ಗೆಯೇ ಅಲೆ ಎದ್ದು ದೋಣಿ ನಿಂತಿತ್ತು. ಅವರು ಹೆಲಿಕಾಪ್ಟರಿಗೆ ಫೋನು ಮಾಡಿದರು.

ತಂಗಿ ಮುಖವಾಡ ಸರಿಸಿ, "ನನಗೇನೂ ಆಗಿಲ್ಲ, ಸುಮ್ನೆ ಯಾಕೆ..." ಎಂದಳು. ಅಷ್ಟಕ್ಕೇ ನಿಲ್ಲಿಸಿ ಕಣ್ಣು ಮುಚ್ಚಿದಳು. ನೋವಿಗೆ ಹೀಗಾಗಿದೆ ಎಂದುಕೊಂಡೆ.

ಹೆಲಿಕಾಪ್ಟರು ಮೈದಾನದಲ್ಲಿ ಇಳಿಯಿತು. ಧೂಳಿನೊಳಗಿಂದ ಉದ್ದಣ್ಣ ಬಿಚ್ಚಿಕೊಳ್ಳುತ್ತಾ ಹೊರಬಂದ. ಹಿಂದೆಯೇ ಬ್ಯಾಗು ಹೊತ್ತು ನನ್ನ ಸೊಸೆ. ಇವರಿಬ್ಬರಿಗೆ ಕಚೇರಿಯಲ್ಲಿ ಹೇಳಿದ್ದು ಇಷ್ಟೇ: ಹೆಂಗಸು, ಬಿದ್ದು ಎದೆಗೆ ಪೆಟ್ಟು, ದ್ವೀಪ. ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವಳ ಹೆಜ್ಜೆ ಒಮ್ಮೆ ತಪ್ಪಿತು.

"ಅತ್ತೆ? ಯಾರಿಗೆ?"

"ನಿನ್ನ ಚಿಕ್ಕತ್ತೆಗೆ ಕಣೆ."

ಅವಳು ಒಂದು ಸಲ ಉಸಿರು ಎಳೆದು ಬಿಟ್ಟಳು. ಆಮೇಲೆ ಉದ್ದಣ್ಣನ ತೋಳು ಹಿಡಿದು ಹೇಳಿದ್ದು ನನಗೂ ಕೇಳಿಸಿತು: "ಒಳಗಿರೋರು ನಮ್ಮ ಮನೆಯವರು. ನಾನು ಕೆಲಸ ಮಾಡ್ತೀನಿ. ನನ್ನ ಕೈ ನಡುಗಿತು ಅಂತ ನಿನಗೆ ಕಂಡರೆ ಕೇಳ್ಬೇಡ, ತಗೊಂಡುಬಿಡು. ಕ್ಯಾಪ್ಟನ್‌ಗೆ ಮಾತ್ರ ಹೇಳೋದು ಬೇಡ."

"ಹೇಳಲ್ಲ ಸಿಸ್ಟರ್."

ನನ್ನ ಕಡೆ ತಿರುಗಿ, "ಅತ್ತೆ, ನೀವೂ ಅಷ್ಟೆ. ಪೈಲಟ್ ಎದುರಿಗೆ ನಾನು ಯಾರೋ, ನೀವು ಯಾರೋ" ಎಂದಳು. ನಾನು ತಲೆಯಾಡಿಸಿದೆ. ತಂಗಿಯ ಗಂಡನಿಗೂ ಅದನ್ನು ಎರಡು ಸಲ ಹೇಳಿದಳು. ಅವನು ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣೆಲ್ಲ ಒಳಗಿನ ಮಂಚದ ಮೇಲಿತ್ತು.

ಒಳಗೆ ಹೋದವಳು ಮೊದಲು ಏನನ್ನೂ ಮುಟ್ಟಲಿಲ್ಲ. ನನಗೆ ಶೀತವಾದಾಗ ನಿಲ್ಲುತ್ತಾಳಲ್ಲ, ಹಾಗೆಯೇ ಕಾಲ ಹತ್ತಿರ ನಿಂತು ನೋಡಿದಳು. ತಂಗಿ ಹೆಬ್ಬೆಟ್ಟು ಎತ್ತಿ ತೋರಿಸಿದಳು, ಚೆನ್ನಾಗಿದ್ದೇನೆ ಎಂದು. ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಅಂಕಿಯೂ ಚೆನ್ನಾಗಿದೆ ಎಂದೇ ಹೇಳುತ್ತಿತ್ತು.

"ಇದನ್ನ ನಂಬೋಕಾಗಲ್ಲ," ಎಂದರು ಡಾಕ್ಟರು. "ಆಮ್ಲಜನಕ ಜೋರಾಗಿ ಬಿಟ್ಟಿದೀನಿ, ಹಾಗಾಗಿ ಅಂಕಿ ನಿಂತಿದೆ. ಬಲಗಡೆ ಉಸಿರಿನ ಸದ್ದು ಕಡಿಮೆ ಇದ್ದಂಗಿದೆ. ನೋವಿಗೆ ಮೇಲುಮೇಲೆ ಉಸಿರು ತಗೋತಿದ್ದಾರೋ, ಶ್ವಾಸಕೋಶದಿಂದ ಗಾಳಿ ಸೋರಿ ಎದೇಲಿ ತುಂಬಿಕೊಳ್ತಿದೆಯೋ, ನನಗೆ ಖಚಿತ ಇಲ್ಲ."

"ನನಗೂ ಇಲ್ಲ ಡಾಕ್ಟ್ರೇ," ಎಂದಳು ಸೊಸೆ, ಕೊಳವೆಯಿಟ್ಟು ಕೇಳಿ, ಬೆರಳಿನಿಂದ ಪಕ್ಕೆ ತಟ್ಟಿ ನೋಡಿ. "ಇಲ್ಲೇ ಇದ್ರೆ ಕಾದು ನೋಡಬಹುದು. ಮೇಲೆ ಹೋದ್ಮೇಲೆ ಇದೇ ಗಾಳಿ ಇನ್ನಷ್ಟು ಉಬ್ಬುತ್ತೆ."

ಅಷ್ಟರಲ್ಲಿ ಪೈಲಟ್ ಮೈದಾನದಿಂದ ಬಂದು ಬಾಗಿಲ ಹೊರಗೇ ನಿಂತರು. ಒಳಗೆ ಇಣುಕಲೂ ಇಲ್ಲ, ಬೆನ್ನು ಈ ಕಡೆ ಹಾಕಿಯೇ ಮಾತಾಡಿದರು. "ಸಿಸ್ಟರ್, ಗಾಳಿ ಏಳ್ತಿದೆ. ಈಗಲೇ ಹೊರಟರೆ ಹೋಗಬಹುದು. ತಡ ಆದ್ರೆ ಗಾಳಿ ಇಳಿಯೋವರೆಗೂ ಇಲ್ಲೇ. ಅದು ಯಾವಾಗ ಅಂತ ನನಗೆ ಗೊತ್ತಿಲ್ಲ."

"ಸ್ವಲ್ಪ ಇರಿ ಕ್ಯಾಪ್ಟನ್, ಹೇಳ್ತೀನಿ." ಅವರು ಗಾಳಿ ನೋಡಲು ಮೈದಾನಕ್ಕೆ ಮರಳಿದರು.

ಆಗ ಗಡಿಯಾರದವನಿಗೆ ಬಾಯಿ ಬಂತು. "ಸ್ವಲ್ಪ ಇರೋದು ಏನಮ್ಮ? ಎತ್ಕೊಂಡು ಹೋಗು! ದೊಡ್ಡಾಸ್ಪತ್ರೇಲಿ ಎಲ್ಲ ಇದೆ, ಇಲ್ಲಿ ಏನಿದೆ? ಹೆಲಿಕಾಪ್ಟರ್ ಬಂದು ನಿಂತಿದೆ, ಇವಳು ತಟ್ಟಿ ತಟ್ಟಿ ನೋಡ್ತಾ ಕೂತಿದ್ದಾಳೆ!" ಅಷ್ಟುದ್ದದ ಮಾತನ್ನು ನಾನು ಅವನ ಬಾಯಿಂದ ಅವನ ಮದುವೆಯಲ್ಲೂ ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಅದೇ ಅನಿಸುತ್ತಿತ್ತು. "ಬೇಗ ಹೋಗಬಾರದೇನೆ?" ಎಂದೆ.

ಸೊಸೆ ನಮ್ಮಿಬ್ಬರ ಮೇಲೂ ರೇಗಲಿಲ್ಲ. "ಅತ್ತೆ, ಬಸ್ಸಲ್ಲಿ ಬೆಟ್ಟ ಹತ್ತುವಾಗ ಬಿಸ್ಕತ್ತಿನ ಪೊಟ್ಟಣ ಉಬ್ಬಿಕೊಳ್ಳುತ್ತಲ್ಲ, ನೋಡಿದ್ದೀರಲ್ಲ? ಎದೇಲಿ ಗಾಳಿ ಸಿಕ್ಕಿಕೊಂಡಿದ್ರೆ ಹಾಗೇ ಉಬ್ಬಿ ಶ್ವಾಸಕೋಶಾನ ಒತ್ತುತ್ತೆ. ಎಷ್ಟು ಕೆಳಗೆ ಹಾರಿದ್ರೂ ಸ್ವಲ್ಪ ಉಬ್ಬೇ ಉಬ್ಬುತ್ತೆ. ಅಲ್ಲಿ ಕೈ ಆಡಿಸೋಕೆ ಜಾಗ ಇಲ್ಲ, ಕಿವಿ ಕೇಳಲ್ಲ. ಇಲ್ಲಿ ಕೆಟ್ಟರೆ ಡಾಕ್ಟ್ರಿದ್ದಾರೆ, ಬೆಳಕಿದೆ, ನಾನು ನಿಂತು ಕೆಲಸ ಮಾಡಬಹುದು. ಹಾಗಂತ ಗಾಳಿ ಇದೆಯೋ ಇಲ್ವೋ ಗೊತ್ತಿಲ್ದೆ ಎದೆಗೆ ತೂತು ಹಾಕೋಕೂ ಆಗಲ್ಲ. ಚಿಕ್ಕಮಾವ, ಒಂದು ನಿಮಿಷ ಕೊಡಿ."

ಆಮೇಲೆ ನನ್ನನ್ನು ಕೇಳಿದಳು. "ಬಿದ್ದ ಮೇಲೆ ಚಿಕ್ಕತ್ತೆ ಮಾತಾಡಿದ್ರಾ?"

"ಮಾತಾಡದೆ ಇರ್ತಾಳಾ! ಬಡಗಿ ವಂಶಾನೇ ಜಾಲಾಡಿದಳು."

"ಇಲ್ಲಿಗೆ ಬಂದ ಮೇಲೆ?"

ನಾನು ಯೋಚಿಸಿದೆ. ದಾರಿಯಲ್ಲಿ ಎದುರಂಗಡಿಯವನು ಏನಾಯಿತು ಎಂದಾಗ ಅವಳು ಉತ್ತರ ಕೊಟ್ಟಿರಲಿಲ್ಲ. ಅದನ್ನು ಹೇಳಿದೆ. ಸೊಸೆ ತಂಗಿಯ ತಲೆಯ ಹತ್ತಿರ ಹೋಗಿ ಬಗ್ಗಿದಳು. ಮುಖವಾಡವನ್ನು ತುಸು ಸರಿಸಿ, ನಗುನಗುತ್ತಲೇ ಹೇಳಿದಳು:

"ಚಿಕ್ಕತ್ತೆ, ಒಂದು ವಿಷಯ. ನಮ್ಮನೆ ಹಾಲಿಗೆ ನೀವು ಹೊಲಿದುಕೊಟ್ಟ ಪರದೆ ಬಿಚ್ಚಿಟ್ವಿ. ಪೇಟೇಲಿ ಮಿಷನ್ನಲ್ಲಿ ಹೊಲಿದಿದ್ದು ರೆಡಿಮೇಡ್ ತಂದು ಹಾಕಿದೀವಿ. ನಿಮ್ಮದಕ್ಕಿಂತ ಚೆನ್ನಾಗಿದೆ ಅಂತ ಅತ್ತೆ ಹೇಳಿದ್ರು."

ಶುದ್ಧ ಸುಳ್ಳು. ರೆಡಿಮೇಡ್ ಪರದೆ ಎಂಬ ಮಾತನ್ನು ನನ್ನ ತಂಗಿಯ ಅಂಗಡಿಯಲ್ಲಿ ಆಡಿದ ಗಿರಾಕಿ ಊಟದ ಹೊತ್ತಿನವರೆಗೂ ಹೊರಗೆ ಹೋಗಿಲ್ಲ. ಅವಳ ಕಣ್ಣು ಅಗಲವಾಯಿತು, ಮೂಗು ಅರಳಿತು, ಕತ್ತು ಮೇಲೆದ್ದಿತು. ಈಗ ಬಂತು ಎಂದು ನಾನೂ ಗಡಿಯಾರದವನೂ ಹಿಂದೆ ಸರಿದೆವು.

"ರೆಡಿ... ಮೇಡಾ," ಎಂದಳು ತಂಗಿ. ಉಸಿರು ಎಳೆದಳು. "ನಿಂಗೆ... ಕಣ್ಣು..." ಇನ್ನೊಮ್ಮೆ ಎಳೆದಳು. ಅಷ್ಟೇ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ.

ಕೋಣೆಯಲ್ಲಿ ಯಾರೂ ನಗಲಿಲ್ಲ. ಗಡಿಯಾರದವನು ಗೋಡೆ ಹಿಡಿದುಕೊಂಡ. ಹೆಂಡತಿಯ ಬಾಯಿ ಒಮ್ಮೆ ನಿಲ್ಲಲಿ ಎಂದು ಮೂವತ್ತು ವರ್ಷ ಗೊಣಗಿದ ಮನುಷ್ಯ, ಈಗ ಅದು ನಿಂತದ್ದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡ.

"ಇದು ನೋವಲ್ಲ," ಎಂದಳು ಸೊಸೆ, ಡಾಕ್ಟರ ಕಡೆ ನೋಡಿ. "ಇವರು ಹೆರಿಗೆ ನೋವಲ್ಲೂ ದಾದಿಗೆ ಬಟ್ಟೆ ಬಗ್ಗೆ ಪಾಠ ಹೇಳಿದೋರು. ಉಸಿರೇ ಸಾಲ್ತಿಲ್ಲ."

"ಕುತ್ತಿಗೆ ನರ ನೋಡಿ, ಉಬ್ಬಿದೆ. ಆಗಲೇ ಹೀಗಿರಲಿಲ್ಲ," ಎಂದರು ಡಾಕ್ಟರು. "ಎದೆಗೆ ಕೊಳವೆ ಹಾಕಿ ಗಾಳಿ ತೆಗೆಯೋಣ. ನಾನು ಹಾಕ್ತೀನಿ, ನೀವು ಜೊತೆಗಿರಿ."

ಪೈಲಟ್ ಮತ್ತೆ ಬಂದು ಬಾಗಿಲ ಹೊರಗೆ ನಿಂತರು, ಸೊಸೆ ಆ ಕಡೆ ತಿರುಗಿದಳು. "ಕ್ಯಾಪ್ಟನ್, ಈಗ ಹೊರಡೋಕಾಗಲ್ಲ. ನನ್ನದು ಊಹೂಂ."

"ಸರಿ ಸಿಸ್ಟರ್. ರೆಕ್ಕೆ ಕಟ್ಟಿಹಾಕ್ತೀನಿ," ಎಂದರು ಆ ಬೆನ್ನಿನವರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊರಟೇಹೋದರು.

ನಮ್ಮನ್ನು ಹೊರಗೆ ಕಳಿಸಿದರು. ಹೊರಗೆ ಬಂದ ಕೂಡಲೇ ತಂಗಿಯ ಗಂಡ ಮೈದಾನದ ಕಡೆ ಓಡತೊಡಗಿದ. "ನಾನು ಆ ಪೈಲಟ್ ಕಾಲು ಹಿಡ್ಕೋತೀನಿ. ಕೊಳವೆ ಹಾಕಿದ ಕೂಡಲೇ ಗಾಳಿ ಇದ್ರೂ ಹೊರಡಪ್ಪ, ನಿಮ್ಮ ಸಿಸ್ಟರಿನ ಸ್ವಂತ ಚಿಕ್ಕತ್ತೆ ಅಂತ ಹೇಳ್ತೀನಿ."

ನಾನು ಅವನ ಶರ್ಟಿನ ಹಿಂಬದಿ ಹಿಡಿದೆ. ಮೊಣಕಾಲು ನೋವಿನ ಮುದುಕಿ, ಆದರೂ ಹಿಡಿದದ್ದನ್ನು ಬಿಡಲಿಲ್ಲ. "ಹೇಳಿದ್ರೆ ಅವರು ಹಾರ್ತಾರೆ. ಅದಕ್ಕೇ ಹೇಳ್ಬಾರದು ಅಂದಿದ್ದು."

"ಹಾರಲಿ ಅಂತಲೇ ಅಲ್ವಾ ಅತ್ತಿಗೆ?"

"ಗಾಳಿಗೆ ಸಿಕ್ಕಿ ಕೆಳಗೆ ಬಿದ್ದರೆ ಅದರೊಳಗೆ ಯಾರ್ಯಾರು ಇರ್ತಾರೆ, ಲೆಕ್ಕ ಹಾಕು. ನಿನ್ನ ಹೆಂಡತಿ, ನನ್ನ ಸೊಸೆ, ಆ ಉದ್ದನೆ ಮನುಷ್ಯ, ಹಾರಿಸೋರು. ಕೂತ್ಕೋ ಇಲ್ಲಿ!"

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಶರ್ಟಿನ ಗುಂಡಿ ಒಂದು ಕಿತ್ತು ಬಂದು ನನ್ನ ಕೈಯಲ್ಲಿತ್ತು. ಗಾಳಿ ಶಾಲೆಯ ಕಸದ ಡಬ್ಬಿಯನ್ನು ಉರುಳಿಸಿಕೊಂಡು ಮೈದಾನದ ಆ ಕೊನೆಗೆ ಹೋಗುತ್ತಿತ್ತು. ಹೆಲಿಕಾಪ್ಟರಿನ ರೆಕ್ಕೆಗೆ ಪೈಲಟ್ ಪಟ್ಟಿ ಬಿಗಿಯುತ್ತಿದ್ದರು. ಒಳಗಿನಿಂದ ಸ್ಟೀಲಿನ ಸದ್ದು, ಡಾಕ್ಟರ ಸಣ್ಣ ದನಿ, ಸೊಸೆಯ ಸಣ್ಣ ದನಿ. ನಾನು ಆ ಗುಂಡಿಯನ್ನು ಅವನ ಜೇಬಿಗೆ ಹಾಕಿದೆ.

ಆಮೇಲೆ ಒಳಗಿನಿಂದ ದನಿ ಬಂತು. ನಮ್ಮ ತಂಗಿಯದೇ.

"ರೆಡಿಮೇಡ್ ಪರದೆಗೆ ಅಂಚು ಅಂತ ಇರುತ್ತೇನೇ, ಸುಮ್ನೆ ಮಡಚಿ ಒಂದು ಹೊಲಿಗೆ ಓಡಿಸಿರ್ತಾರೆ, ಎರಡು ಸಲ ಒಗೆದ್ರೆ ಕಿವಿ ಜೋತುಬೀಳುತ್ತೆ, ನಮ್ಮಕ್ಕನಿಗೆ ಕಣ್ಣು ಸರಿ ಇಲ್ಲ ಸರಿ, ನೀನು ಓದಿದವಳು, ನಿನಗೆ ನೆರಿಗೆ ಎಲ್ಲಿ ಎಷ್ಟು ಅಂತ ಗೊತ್ತಾಗಲ್ವಾ, ಅಯ್ಯೋ ನನ್ನ ರವಿಕೆ ಯಾಕೆ ಕತ್ತರಿಸಿದ್ರಿ, ಹೊಸದು ಕಣ್ರೀ ಅದು!"

ಗಡಿಯಾರದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ, "ಹೊಸದಲ್ಲ, ಹೋದ ವರ್ಷದ್ದು" ಎಂದ.

ಉದ್ದಣ್ಣ ಹೊರಗೆ ಬಂದು ಬೆವರು ಒರೆಸಿಕೊಂಡ. ಕೊಳವೆ ಒಳಗೆ ಹೋದದ್ದೇ ತಡ, ಕುಕ್ಕರಿನ ಸೀಟಿ ಎತ್ತಿದ ಹಾಗೆ ಬುಸ್ಸೆಂದು ಗಾಳಿ ಬಂತಂತೆ. ಈಗ ಕೊಳವೆಯ ತುದಿಯಲ್ಲಿ ಗಾಳಿಯನ್ನು ಹೊರಗೆ ಬಿಡುವ, ಒಳಗೆ ಬಿಡದ ಪುಟ್ಟ ಬಾಗಿಲಿದೆ, ಮೇಲೆ ಹೋದರೂ ಉಬ್ಬುವುದಿಲ್ಲ ಎಂದ. ಆದರೂ ದೊಡ್ಡಾಸ್ಪತ್ರೆಗೆ ಹೋಗಲೇಬೇಕು, ಒಳಗೆ ರಕ್ತ ಸೋರುತ್ತಿದೆಯೋ ಎಂದು ಅಲ್ಲಿಯೇ ನೋಡಬೇಕು.

ಹೋಗುವುದು ಹೇಗೆ? ಗಾಳಿ ಬಿಡಲಿಲ್ಲ. ಸೊಸೆ ಒಳಗೆ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ರಕ್ತದೊತ್ತಡ, ನಾಡಿ, ಕೊಳವೆ, ಕುತ್ತಿಗೆ, ಮತ್ತೆ ಮೊದಲಿಂದ. ತಂಗಿ ಸುಮ್ಮನಾದರೆ ಸಾಕು, "ಚಿಕ್ಕತ್ತೆ, ಈ ಕೇಂದ್ರದ ಪರದೆ ಹೆಂಗಿದೆ?" ಎಂದು ಕೆಣಕುವಳು. ತಂಗಿ ಶುರುಮಾಡುವಳು. ಸೊಸೆ ಮಾತು ಕೇಳದೆ ಉಸಿರನ್ನು ಕೇಳುವಳು. ಡಾಕ್ಟರು ಕೊನೆಗೆ, "ಈ ಪರದೆ ನಾನೇ ಆರಿಸಿ ತಂದಿದ್ದು" ಎಂದು ಸಣ್ಣ ಮುಖ ಮಾಡಿಕೊಂಡರು.

ನಾನು ಬ್ರೆಡ್ಡೂ ಚಹಾವೂ ಹಿಡಿದುಕೊಂಡು ಮೈದಾನದ ಬೆಂಚಿಗೆ ಹೋದೆ. ಪೈಲಟ್ ಒಬ್ಬರೇ ಕುಳಿತು ಧ್ವಜದ ಕಂಬದ ಹಗ್ಗ ಅಲ್ಲಾಡುವುದನ್ನೇ ನೋಡುತ್ತಿದ್ದರು.

"ತಗೊಳ್ಳಿ," ಎಂದೆ.

"ನೀವು ಪೇಶೆಂಟ್ ಕಡೆಯವರಾ ಅಮ್ಮಾ?" ಎಂದವರು ತಕ್ಷಣ ಕೈ ಅಡ್ಡ ಮಾಡಿದರು. "ಬೇಡ ಬೇಡ, ಹೇಳ್ಬೇಡಿ. ನಾನು ಕರುಳು ಮೆತ್ತಗಿರೋ ಮನುಷ್ಯ. ಬೆಕ್ಕು ಮರ ಹತ್ತಿ ಕೂಗಿದ್ರೂ ಏಣಿ ತಗೊಂಡು ಹೋಗ್ತೀನಿ."

"ನಾನು ಚಹಾ ಕಡೆಯವಳು," ಎಂದೆ.

ನಕ್ಕರು. ಚಹಾ ಕುಡಿಯುತ್ತಾ ಗಾಳಿಯ ವಿಷಯ ಮಾತ್ರ ಮಾತಾಡಿದೆವು. ನನಗೆ ಗಾಳಿಯ ವಿಷಯ ಗೊತ್ತಿರುವುದು ಒಗೆದ ಬಟ್ಟೆಯಷ್ಟು. ಆದರೂ ಅವರು ಗಮನವಿಟ್ಟು ಕೇಳಿದರು. ದಪ್ಪ ಬೆಡ್‌ಶೀಟು ಹಗ್ಗದ ಮೇಲೆ ಸುಮ್ಮನೆ ಜೋತುಬಿದ್ದರೆ ಗಾಳಿ ಇಳಿದಂತೆ ಎಂದೆ. "ಅದೂ ಸರಿ," ಎಂದು, ತಮ್ಮ ಹೆಲಿಕಾಪ್ಟರಿನ ಯಂತ್ರವನ್ನೇ ಮತ್ತೊಮ್ಮೆ ನೋಡಲು ಎದ್ದುಹೋದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರು ಬಂದು ಬಾಗಿಲ ಹೊರಗೆ ಬೆನ್ನು ಹಾಕಿ ನಿಂತರು. "ಗಾಳಿ ಇಳಿದಿದೆ ಸಿಸ್ಟರ್. ನನ್ನದು ಹೂಂ."

"ನನ್ನದೂ ಹೂಂ," ಎಂದಳು ಸೊಸೆ.

"ನಂದೂ," ಎಂದ ಉದ್ದಣ್ಣ.

ಸ್ಟ್ರೆಚರು ಮೈದಾನ ದಾಟಿತು. ಪೈಲಟ್ ಪಟ್ಟಿ ಬಿಚ್ಚುತ್ತಿದ್ದರು. ನನ್ನ ತಂಗಿಗೆ ಈ ನಿಯಮಗಳನ್ನೆಲ್ಲ ಯಾರೂ ಹೇಳಿರಲಿಲ್ಲ, ಹೇಳಲು ನಮಗೆ ಅವಕಾಶವನ್ನಾದರೂ ಅವಳು ಎಲ್ಲಿ ಕೊಟ್ಟಳು. ಹೆಲಿಕಾಪ್ಟರಿನ ಹತ್ತಿರ ಬಂದದ್ದೇ, ಮುಖವಾಡದೊಳಗಿನಿಂದಲೇ ಪೈಲಟ್‌ಗೆ ಹೇಳಿದಳು:

"ನೋಡಪ್ಪ, ನಿಧಾನಕ್ಕೆ ಬಿಡು. ಇವಳು ನಮ್ಮಕ್ಕನ ಸೊಸೆ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ತಿಂದಿಲ್ಲ, ಅಲ್ಲಿ ನಿನಗೆ ಚಹಾ ಕೊಟ್ಟಿದ್ದು ಕಿಟಕೀಲಿ ನೋಡ್ದೆ, ಆಯಮ್ಮನೇ ನಮ್ಮಕ್ಕ."

ಪೈಲಟ್‌ರ ಕೈ ಪಟ್ಟಿಯ ಮೇಲೆಯೇ ನಿಂತುಬಿಟ್ಟಿತು. ಅವರು ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. "ನಿಮ್ಮವರಾ? ಬೆಳಿಗ್ಗೆ ಗೊತ್ತಾಗಿದ್ರೆ ನಾನು..."

"ಗೊತ್ತು ಕ್ಯಾಪ್ಟನ್. ಬೆಳಿಗ್ಗೇನೇ ಎತ್ತಿಬಿಡ್ತಿದ್ರಿ, ಅಥವಾ ಡಾಕ್ಟ್ರು ಕೊಳವೆ ಹಾಕೋವರೆಗೂ ಕಾದು ಆ ಗಾಳೀಲಿ ಎತ್ತಿಬಿಡ್ತಿದ್ರಿ. ಈಗ ಗಾಳಿ ಹೇಗಿದೆ, ಅದನ್ನ ಹೇಳಿ."

ಅವರು ತಿರುಗಿ ಧ್ವಜದ ಕಂಬ ನೋಡಿದರು, ನೀರಿನ ಮೇಲೆ ನೋಡಿದರು. ಇನ್ನೊಮ್ಮೆ ನೋಡಿದರು. "ಚೆನ್ನಾಗಿದೆ. ಇವರು ಯಾರೇ ಆಗಿದ್ರೂ ಚೆನ್ನಾಗಿದೆ."

ಹೆಲಿಕಾಪ್ಟರು ಎದ್ದಿತು. ಅದರಲ್ಲಿ ನಮಗೆ ಜಾಗವಿಲ್ಲ. ಗಡಿಯಾರದವನೂ ನಾನೂ ಧೂಳು ತಿನ್ನುತ್ತಾ ಮೈದಾನದಲ್ಲಿ ನಿಂತು ಕೈ ಬೀಸಿದೆವು. ಸಂಜೆಗೆ ದೋಣಿ ಬಿಟ್ಟರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಕ್ಸ್‌ರೇ, ಸ್ಕ್ಯಾನು ಎಲ್ಲ ಮುಗಿದಿತ್ತು. ರಕ್ತ ಸೋರುತ್ತಿರಲಿಲ್ಲ. ಶ್ವಾಸಕೋಶ ಮತ್ತೆ ಅರಳುತ್ತಿದೆ, ಕೊಳವೆ ಸರಿಯಾದ ಹೊತ್ತಿಗೆ ಬಿದ್ದಿದೆ ಎಂದರು ಅಲ್ಲಿನ ಡಾಕ್ಟರು. ತಂಗಿಯ ವಾರ್ಡು ಯಾವುದು ಎಂದು ನಾವು ಯಾರನ್ನೂ ಕೇಳಬೇಕಾಗಲಿಲ್ಲ. ಪಡಸಾಲೆಯ ಈ ತುದಿಗೇ ದನಿ ಕೇಳುತ್ತಿತ್ತು. ಅವಳ ಗಂಡ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು, ಯಾರೋ ಸಂಗೀತ ಕಚೇರಿ ಕೇಳುವ ಹಾಗೆ ಕೆನ್ನೆಗೆ ಕೈಯಿಟ್ಟು ಕೇಳತೊಡಗಿದ.

ಸೊಸೆಯ ಪಾಳಿ ಮುಗಿದಿತ್ತು. ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿಗೆ ಹೋದೆವು. ನಾನು ಅವಳ ಮುಂದೆ ಊಟದ ತಟ್ಟೆ ಇಟ್ಟೆ, ಇವತ್ತು ತೂಕದ ಮಾತೆತ್ತಬೇಡ ಎಂದೆ. ಅವಳು ತಲೆ ತಗ್ಗಿಸಿ ತಿಂದಳು. ಅವಳ ಕೈ ನಡುಗುತ್ತಿದ್ದುದನ್ನು ನಾನು ಆಗ ನೋಡಿದೆ. ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದಳೇನೋ, ಚಮಚ ತಟ್ಟೆಗೆ ಟಕಟಕ ಬಡಿಯುತ್ತಿತ್ತು.

"ಅಲ್ಲ ಕಣೆ," ಎಂದೆ. "ಆ ಹೊತ್ತಲ್ಲಿ ನಿನಗೆ ಖಂಡಿತ ಗೊತ್ತಿತ್ತಾ?"

"ಇಲ್ಲ ಅತ್ತೆ. ಪೂರ್ತಿ ಯಾವತ್ತೂ ಗೊತ್ತಿರಲ್ಲ. ಎರಡು ತಪ್ಪಲ್ಲಿ ಯಾವುದನ್ನ ಆಮೇಲೆ ಸರಿಮಾಡಬಹುದು ಅಂತ ನೋಡೋದು, ಅಷ್ಟೆ."

"ಒಂದು ವೇಳೆ ಎದೇಲಿ ಗಾಳಿ ಇಲ್ದೇ ಇದ್ದಿದ್ರೆ? ಸುಮ್ಸುಮ್ನೆ ತೂತು ಹಾಕಿ, ಮಧ್ಯಾಹ್ನದವರೆಗೂ ಕೂರಿಸಿದ್ದಾಗಿದ್ರೆ?"

ಅವಳು ಚಮಚ ಕೆಳಗಿಟ್ಟು ಮೊದಲ ಸಲ ಬಾಯಿ ತುಂಬ ನಕ್ಕಳು.

"ಆಗ ಚಿಕ್ಕತ್ತೆ ಜೀವನಪೂರ್ತಿ ನನ್ನ ಬೈತಿದ್ರು. ಬೈಯೋಕೆ ಇರ್ತಿದ್ರಲ್ಲ ಅತ್ತೆ!"

ಇಷ್ಟು ಹೇಳಿ, ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಹಾಕಿಸಿಕೊಂಡು ಬನ್ನಿ ಎಂದಳು.